ಹದಿನೇಳು ಆನೆ ಕಾಸು

“ಇವು ಎರಕದವು. ನಕಲಿ.”

ಸುಮೈರಾ ಭೂತಗನ್ನಡಿಯಿಂದ ಕಣ್ಣು ತೆಗೆದು ಅಷ್ಟೇ ಹೇಳಿದಳು. ಆ ಎರಡು ಮಾತಿಗೆ ಒಬ್ಬನ ಕೈ ಹೋಗುತ್ತದೆ ಎಂದು ಅವಳಿಗೇನು ಗೊತ್ತು?

ಬಳ್ಳಾರಿಯಲ್ಲಿ ಉಜ್ಜಿನಪ್ಪನದು ಹಳೆ ನಾಣ್ಯ, ಹಳೆ ಪಾತ್ರೆಗಳ ಅಂಗಡಿ. ತಾಮ್ರದ ಕಾಸು ಯಾವ ಕಾಲದ್ದು, ಯಾವ ಬಗೆಯದು, ಎಷ್ಟು ಸವೆದಿದೆ ಎಂದು ನೋಡಿ ದರ್ಜೆ ಹಾಕುವುದು ಸುಮೈರಾಳ ಕೆಲಸ. ಕುರುಗೋಡಿನಿಂದ ದಿನಾ ಬಸ್ಸಿಗೆ ಬರುವ ಈ ಹುಡುಗಿ ಹೇಳಿದ್ದೇ ಕೊನೆ. ಆ ಬಗ್ಗೆ ಅವಳಿಗೆ ತುಸು ಜಂಭವೂ ಇತ್ತು, ಸುಳ್ಳು ಯಾಕೆ ಹೇಳಲಿ.

ಎದುರಿಗಿದ್ದವನು ಸಿರುಗುಪ್ಪದ ಅಜರುದ್ದೀನ್. ತಾಮ್ರದ ಪಾತ್ರೆ ಬಡಿಯುವವನು. ಅಜ್ಜನ ಪೆಟ್ಟಿಗೆಯಲ್ಲಿ ಸಿಕ್ಕ, ಸುಲ್ತಾನರ ಕಾಲದ, ಆನೆಯ ಚಿತ್ರ ಒತ್ತಿದ ಹದಿನೇಳು ಆನೆ ಕಾಸುಗಳನ್ನು ಮಾರಲು ತಂದಿದ್ದ.

“ನಕಲಿ ಹೆಂಗ್ ಆಗ್ತಾವ್ರಿ? ನಮ್ಮಜ್ಜನವು ಅವು.”

ಅವನು ಧ್ವನಿ ಏರಿಸಲಿಲ್ಲ. ಅವಳನ್ನೇ ನೋಡಿದ. ಆ ನೋಟಕ್ಕೆ ಅವಳ ಎದೆ ಒಮ್ಮೆ ಹೊಯ್ದಾಡಿತು... ಆದರೆ ಆಡಿದ ಮಾತು ಹಿಂದೆ ತೆಗೆದುಕೊಳ್ಳುವ ಜಾಯಮಾನ ಅವಳದಲ್ಲ.

“ಹೊಸ ಚೊಂಬಿನಂಗ ಹೊಳೀತಾವ. ಅಕ್ಷರ ಎಲ್ಲ ಮೆತ್ತಗಾಗ್ಯಾವ. ಅಚ್ಚು ಹೊಡದ ಹಳೀ ಕಾಸು ಹಿಂಗಿರಂಗಿಲ್ರಿ.”

ಹಿಂದಿನ ತಿಂಗಳಷ್ಟೇ ಒಬ್ಬ ಗಿರಾಕಿ, ತನಗೆ ನಕಲಿ ಕಾಸು ಮಾರಿದ್ದಕ್ಕೆ ಉಜ್ಜಿನಪ್ಪನ ಮುಖಕ್ಕೆ ಉಗಿದು ಹೋಗಿದ್ದ. ಆ ಕಾಸು ಎರಕ ಹೊಯ್ದವನನ್ನು ಉಜ್ಜಿನಪ್ಪ ಅಂದಿನಿಂದ ಹುಡುಕುತ್ತಿದ್ದ.

“ನೀನ ಏನ್ಲೇ ಅವ? ಸಿಕ್ಕ್ಯಲ್ಲ ಮಗನ.” ಅವನು ಗಲ್ಲಾದಿಂದ ಎದ್ದು ಬಂದ.

ಇಬ್ಬರು ಆಳುಗಳು ಅಜರುದ್ದೀನನ ಬಲಗೈಯನ್ನು ಮೇಜಿಗೆ ಒತ್ತಿ ಹಿಡಿದರು. ಮೂರನೆಯವನು ಮೊಬೈಲ್ ಎತ್ತಿ ವಿಡಿಯೋ ಮಾಡತೊಡಗಿದ. ಉಜ್ಜಿನಪ್ಪ ಪಾತ್ರೆ ತೂಗುವ ಐದು ಕೆಜಿ ಕಲ್ಲು ಎತ್ತಿದ.

“ಬ್ಯಾಡ್ರಿ...” ಸುಮೈರಾ ಎದ್ದು ಓಡಿ ಬರುವಷ್ಟರಲ್ಲಿ ಕಲ್ಲು ಎರಡು ಸಲ ಬಿತ್ತು. ಮೂಳೆ ಮುರಿದದ್ದು ಅವಳಿಗೆ ಸ್ಪಷ್ಟವಾಗಿ ಕೇಳಿಸಿತು. ಅವನನ್ನು ಬೀದಿಗೆ ದಬ್ಬಿ, ಕಾಸುಗಳನ್ನು ಮಾತ್ರ ಉಜ್ಜಿನಪ್ಪ ಇಟ್ಟುಕೊಂಡ.

ಮಧ್ಯಾಹ್ನ ಅವಳು ಊಟಕ್ಕೆ ಏಳಲಿಲ್ಲ. ಮೇಜಿನ ಮೇಲಿನ ರಕ್ತ ಒರೆಸುತ್ತಾ ಒಂದು ಕಾಸನ್ನು ಕೈಗೆತ್ತಿಕೊಂಡಳು. ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು ಕಂಡಿತು. ಅಚ್ಚು ಹೊಡೆದಾಗ ತಾಮ್ರ ಸೀಳಿದ ಗುರುತು ಅದು. ಎರಕದ ಕಾಸಿಗೆ ಹಾಗಾಗುವುದಿಲ್ಲ. ಆನೆಯ ಕಾಲ ಸಂದಿಯಲ್ಲಿ ಏನೋ ಮೆತ್ತಿತ್ತು. ಮೂಸಿದಳು. ಹುಣಸೆಹಣ್ಣು.

ಪರರ ಕೈಗೆ ಕೊಡುವ ತಾಮ್ರವನ್ನು ಹುಣಸೆಹಣ್ಣು, ಉಪ್ಪು ಹಚ್ಚಿ ಬೆಳಗಿಯೇ ಕೊಡುವುದು ಪಾತ್ರೆ ಬಡಿಯುವವರ ಮರ್ಯಾದೆ. ಕಾಸನ್ನೂ ಪಾಪ ಹಾಗೆಯೇ ತಿಕ್ಕಿ ತಂದಿದ್ದಾನೆ! ಇನ್ನೂರು ವರ್ಷದ ಕಪ್ಪು ಹೋಯಿತು, ಅಕ್ಷರ ಸವೆಯಿತು, ದರ್ಜೆಯೂ ಬಿತ್ತು. ಆದರೆ ಕಾಸು ಅಸಲಿ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ‘ಅಲ್ಲಾ... ಏನು ಮಾಡಿಬಿಟ್ಟೆ ನಾನು?’

“ಅಣ್ಣಾರ, ನಾನು ತಪ್ಪು ಹೇಳೀನಿ. ಇವು ಅಸಲಿ ಅದಾವ. ವಾಪಸ್ ಕೊಟ್ಟು ಬರೂನು.”

“ಅಸಲಿ ಅಂದ್ರ ಇನ್ನೂ ಚಲೋ ಆತು,” ಉಜ್ಜಿನಪ್ಪ ನಕ್ಕ. “ಸುಮ್ನ ಕುಂದ್ರು.”

ಅವಳು ಕೂರಲಿಲ್ಲ. ಹದಿನೇಳನ್ನೂ ಬಾಚಿ ದುಪಟ್ಟಾದಲ್ಲಿ ಕಟ್ಟಿಕೊಂಡಳು. ಉಜ್ಜಿನಪ್ಪ ಅವಳ ಜಡೆ ಹಿಡಿದೆಳೆದು ಹಣೆಯನ್ನು ಗಾಜಿನ ಪೆಟ್ಟಿಗೆಗೆ ಜಜ್ಜಿದ. ಗಾಜು ಒಡೆಯಿತು. ಅವಳು ಅವನ ಮಣಿಕಟ್ಟನ್ನು ರಕ್ತ ಬರುವಂತೆ ಕಚ್ಚಿ, ಬಿಡಿಸಿಕೊಂಡು ಓಡಿದಳು. ಸಿರುಗುಪ್ಪದ ಬಸ್ಸು ಹತ್ತಿದ ಮೇಲೆಯೇ ಹಣೆಯ ರಕ್ತ ಒರೆಸಿಕೊಂಡದ್ದು.

ಪಾತ್ರೆ ಬಡಿಯುವವರ ಓಣಿ ಕೇಳಿಕೊಂಡು ಹೋದಾಗ ಬಾಗಿಲು ತೆರೆದವಳು ಅಜರುದ್ದೀನನ ತಾಯಿ ಮುಮ್ತಾಜ್. ಯಾರೆಂದು ತಿಳಿದೊಡನೆ ಕಪಾಳಕ್ಕೆ ಬಾರಿಸಿದಳು. ಸುಮೈರಾ ಕೆನ್ನೆ ಮುಟ್ಟಿಕೊಳ್ಳದೆ ಒಳಗೆ ಹೋದಳು.

ಅಜರುದ್ದೀನ್ ಬಲಗೈಗೆ ಪಟ್ಟಿ ಕಟ್ಟಿಸಿಕೊಂಡು, ತಾಮ್ರ ಬಡಿಯುವ ಅಡಿಗಲ್ಲಿನ ಮುಂದೆ ಕೂತಿದ್ದ.

“ಯಾಕ ಬಂದಿ? ಎಡಗೈ ಒಂದು ಉಳದೈತಿ. ಅದನ್ನೂ ಮುರಸಾಕ?”

ಅವಳು ಕಾಸುಗಳನ್ನು ಅವನ ಮುಂದೆ ಸುರಿದು, ತನ್ನ ಬಲಗೈಯನ್ನು ಅಡಿಗಲ್ಲಿನ ಮೇಲೆ ಇಟ್ಟಳು.

“ಅಸಲಿ ಅದಾವ್ರಿ. ತಪ್ಪು ನಂದು. ಕಾಸು ಹಿಡದು ನೋಡಿದ ಕೈ ಇದ. ಹೊಡೀರಿ.”

ಅವನು ಎಡಗೈಯಿಂದ ಸುತ್ತಿಗೆ ಎತ್ತಿದ. ಅವಳು ಕಣ್ಣು ಮುಚ್ಚಲಿಲ್ಲ. ‘ಹೊಡೆಯಲಿ... ಇವನ ನೋವು ನನಗೂ ಗೊತ್ತಾಗಲಿ.’

ಸುತ್ತಿಗೆ ಅವಳ ಬೆರಳಿನ ಪಕ್ಕದಲ್ಲೇ ಅಡಿಗಲ್ಲಿಗೆ ಅಪ್ಪಳಿಸಿತು.

“ನಿನ್ನ ಕೈ ಮುರದು ನಾನೇನು ಮಾಡ್ಲಿ?” ಅವನು ಸುತ್ತಿಗೆ ಬಿಸಾಕಿದ. “ವಿಡಿಯೋ ಎಲ್ಲಾರ ಮೊಬೈಲಿಗೂ ಬಂದೈತಿ. ಓಣಿ ಮಂದಿ ನನ್ನ ಕಳ್ಳ ಅನ್ನಾಕತ್ಯಾರ. ಅದನ್ನ ಯಾರು ಅಳಸ್ತಾರ?”

ಹೊರಗೆ ಜೀಪು ನಿಂತಿತು. ಉಜ್ಜಿನಪ್ಪ ಕಬ್ಬಿಣದ ರಾಡು ಹಿಡಿದು ಇಳಿದ. ಓಣಿಯ ಜನ ಹೊರಗೆ ಬಂದು ನೋಡುತ್ತಾ ನಿಂತರು. ಸುಮೈರಾ ಅವರ ನಡುವೆ ಹೋಗಿ ನಿಂತಳು.

“ಎಲ್ಲಾರೂ ಕೇಳ್ರಿ. ಅಜರುದ್ದೀನ್ ಕಳ್ಳ ಅಲ್ಲ. ಕಾಸು ಅಸಲಿ. ತಪ್ಪು ನೋಡಿ ನಕಲಿ ಅಂದಾಕಿ ನಾನು. ಈ ಮಾತೂ ವಿಡಿಯೋ ಮಾಡ್ಕೊಳ್ರಿ.”

ಉಜ್ಜಿನಪ್ಪ ರಾಡು ಬೀಸಿದ. ಅದು ಅವಳ ತಲೆಗೆ ಬೀಳಲಿಲ್ಲ. ಅಡ್ಡ ಬಂದ ಅಜರುದ್ದೀನನ ಹೆಗಲಿಗೆ ಬಿತ್ತು. ಅವನು ಎಡಗೈ ಮುಷ್ಟಿಯಿಂದ ಕೊಟ್ಟ ಒಂದೇ ಏಟಿಗೆ ಉಜ್ಜಿನಪ್ಪನ ಎರಡು ಹಲ್ಲು ಉದುರಿದವು. ಆಮೇಲೆ ಓಣಿಯವರೂ ಕೈ ಸೇರಿಸಿದರು. ಪೊಲೀಸರು ಬಂದು ಕರೆದೊಯ್ಯುವ ಹೊತ್ತಿಗೆ ಉಜ್ಜಿನಪ್ಪನಿಗೆ ನಿಲ್ಲಲೂ ಆಗುತ್ತಿರಲಿಲ್ಲ.

ಎರಡು ತಿಂಗಳಾಯಿತು. ವಾರಕ್ಕೊಮ್ಮೆ ಬರುವ ಸುಮೈರಾಗೆ ಮುಮ್ತಾಜ್ ಈಗ ಚಹಾ ಕೊಡುತ್ತಾಳೆ, ಮಾತು ಮಾತ್ರ ಇನ್ನೂ ಕಡಿಮೆ. ಅಂದು ಅಜರುದ್ದೀನನ ಪಟ್ಟಿ ಬಿಚ್ಚಿದ್ದರು.

“ಈ ಎರಡು ಬೆರಳು ಇನ್ನ ಮಡಚಂಗಿಲ್ಲಂತ,” ಎಂದ. “ಸುತ್ತಿಗಿ ಹಿಡಿಯೋದು ಮುಗೀತು.”

“ತಾಮ್ರ ನೀವು ಹಿಡೀರಿ. ಸುತ್ತಿಗಿ ನಾ ಹಿಡೀತೀನಿ.”

“ತಪ್ಪು ತೀರಸಾಕ ಆದ್ರ ಬ್ಯಾಡ. ಅದು ಅವತ್ತ ತೀರೈತಿ.”

“ತಪ್ಪಿಗಲ್ರಿ...” ಅವಳು ತಲೆ ತಗ್ಗಿಸಿದಳು. “ಅವತ್ತು ಅಂಗಡ್ಯಾಗ ನನ್ನ ನೋಡಿದ್ರಲ್ಲ. ಅವಾಗಿಂದ ನಿಮ್ಮನ್ನ ಬಿಟ್ಟು ಬ್ಯಾರೇದವರನ್ನ ನೋಡಾಕ ಮನಸ ಆಗವಲ್ದು.”

ಅವನು ಸುತ್ತಿಗೆಯನ್ನು ಅವಳ ಕಡೆ ಸರಿಸಿದ. ಆಮೇಲೆ ಒಂದು ತಾಮ್ರದ ತಗಡನ್ನು ಅಡಿಗಲ್ಲಿನ ಮೇಲಿಟ್ಟು, ಆ ಮುರಿದ ಕೈಯಿಂದಲೇ ಒತ್ತಿ ಹಿಡಿದ.

“ಹೊಸಾಕಿ ನೀನು. ಮೊದಲ ಪೆಟ್ಟು ನನ್ನ ಬೆರಳಿಗೇ ಬೀಳತೈತಿ.”

“ಬಿದ್ರ?”

“ಬೀಳಲಿ. ನಾ ಕೈ ತಗ್ಯಂಗಿಲ್ಲ.”