ಅಜ್ಜನ ಕೋಟು, ಗುಬ್ಬಿಯ ಗೌನು

"ಅಲ್ಲಾಡಬೇಡ ಕಣಮ್ಮಾ, ಪಿನ್ನು ಚುಚ್ಚಿಬಿಡುತ್ತೆ!" ಎಂದರು ಟೈಲರ್ ಆಂಟಿ.

ಗುಬ್ಬಿ ಕಂಬದ ಹಾಗೆ ನಿಂತಳು. ಅವಳು ತೊಟ್ಟಿದ್ದದ್ದು ಅಕ್ಕನ ನೀಲಿ ಗೌನು. ಅಕ್ಕನಿಗೆ ಅದು ಚಿಕ್ಕದಾಗಿತ್ತು. ಗುಬ್ಬಿಗೋ, ನೆಲದ ತುಂಬ ಹರಡಿಕೊಳ್ಳುವಷ್ಟು ಉದ್ದ.

ಮನೆಯವರೆಲ್ಲ ನಾಡಿದ್ದು ಕ್ರೂಸ್‌ಗೆ ಹೊರಟಿದ್ದರು. ಏಳಂತಸ್ತಿನ ಹಡಗಂತೆ. ಅದರೊಳಗೇ ಈಜುಕೊಳ, ಅದರೊಳಗೇ ಸಿನಿಮಾ! ಒಂದು ಸಂಜೆ ಕ್ಯಾಪ್ಟನ್ ಜೊತೆ ಊಟವೂ ಇತ್ತು. ಆ ಊಟಕ್ಕೆ ಮಾತ್ರ ಎಲ್ಲರೂ ಫಾರ್ಮಲ್ ಬಟ್ಟೆ ಹಾಕಲೇಬೇಕು. ಅದಕ್ಕೇ ಅಜ್ಜ, ಅಜ್ಜಿ, ಗುಬ್ಬಿ ಮೂವರೂ ಈ ಆಲ್ಟರೇಷನ್ ಅಂಗಡಿಗೆ ಬಂದಿದ್ದರು.

"ಅಬ್ಬಾ, ಇಷ್ಟುದ್ದ ಮಡಚಬೇಕಲ್ಲೇ!" ಎಂದು ಆಂಟಿ ಗೇಣು ಹಿಡಿದು ತೋರಿಸಿದರು.

ಗುಬ್ಬಿಯ ಮುಖ ಸಪ್ಪಗಾಯಿತು. ಕ್ಲಾಸಿನಲ್ಲಿ ಎಲ್ಲರಿಗಿಂತ ಗಿಡ್ಡ ಅವಳೇ. 'ಗುಬ್ಬಿ' ಅನ್ನೋ ಹೆಸರು ಬಂದಿದ್ದೂ ಅದಕ್ಕೇ. ಈಗ ಈ ಗೌನೂ ಅದನ್ನೇ ಹೇಳಬೇಕೇ? ಅವಳು ಮೆಲ್ಲಗೆ ಹಿಮ್ಮಡಿ ಎತ್ತಿ ತುದಿಗಾಲಲ್ಲಿ ನಿಂತಳು. ಅಷ್ಟು ದೊಡ್ಡ ಗೌನಿನೊಳಗೆ ಕಾಲು ಯಾರಿಗೆ ಕಾಣುತ್ತದೆ? ಆಂಟಿ ಸುತ್ತಲೂ ಪಿನ್ನು ಹಾಕಿ ಮುಗಿಸಿದರು. ಗುಬ್ಬಿ ಪರದೆಯ ಹಿಂದೆ ಹೋಗಿ ಬಟ್ಟೆ ಬದಲಿಸಿಕೊಂಡು ಬಂದಳು.

ಈಗ ಅಜ್ಜನ ಸರದಿ. ಅವರು ತಮ್ಮ ಕಪ್ಪು ಕೋಟನ್ನು ಒಮ್ಮೆ ಝಾಡಿಸಿದರು.

"ಇದು ನಮ್ಮ ಮದುವೆಗೆ ಹೊಲಿಸಿದ್ದು. ತೋಳಿನ ಅಂಚು ಸವೆದಿದೆ, ಅಷ್ಟು ಸರಿಮಾಡಿಕೊಡಿ ಸಾಕು."

"ಹೊಟ್ಟೆ ಹತ್ರ ಸ್ವಲ್ಪ ಸಡಿಲ ಮಾಡಿಸ್ಕೊಳ್ರೀ," ಎಂದರು ಅಜ್ಜಿ.

"ಯಾಕೆ? ಮದುವೆ ದಿನ ಹೇಗಿದ್ನೋ ಹಾಗೇ ಇದೀನಿ. ನೋಡ್ತಿರು!"

ಅಜ್ಜ ಕೋಟು ತೊಟ್ಟು ಗುಂಡಿ ಹಾಕಿದರು. ನಿಜಕ್ಕೂ ಹಾಕಿಬಿಟ್ಟರು! ಅಜ್ಜಿ ಹುಬ್ಬೇರಿಸಿದರು.

"ಭುಜ ಸರಿಯಾಗಿದೆಯಾ ಯಜಮಾನ್ರೇ?" ಆಂಟಿ ಕೇಳಿದರು.

"ಹೂಂ."

"ಬೆನ್ನು ಬಿಗಿ ಏನಿಲ್ವಲ್ಲ?"

"ಹೂಂ ಹೂಂ."

"ಅಜ್ಜಾ, ಹಡಗಲ್ಲಿ ಐಸ್‌ಕ್ರೀಮ್ ಎಷ್ಟು ಬೇಕಾದ್ರೂ ಕೊಡ್ತಾರಾ?" ಗುಬ್ಬಿಯೂ ಕೇಳಿದಳು.

"ಹೂಂ."

ಗುಬ್ಬಿಗೆ ಆಶ್ಚರ್ಯವಾಯಿತು. ಒಂದು ಕೇಳಿದರೆ ಹತ್ತು ಹೇಳುವ ಅಜ್ಜ ಇವರೇನಾ? ಕನ್ನಡಿಯಲ್ಲಿ ನೋಡಿದಳು. ಅಜ್ಜನ ಮುಖ ಟೊಮೇಟೊ ಹಾಗೆ ಕೆಂಪಾಗಿತ್ತು. ಹೊಟ್ಟೆ ಇರಬೇಕಾದ ಜಾಗದಲ್ಲಿ ಹೊಟ್ಟೆಯೇ ಇರಲಿಲ್ಲ. ಓಹೋ, ಉಸಿರು ಬಿಗಿಹಿಡಿದು ಒಳಗೆ ಎಳೆದುಕೊಂಡಿದ್ದಾರೆ!

"ಹೊಟ್ಟೆ ಹತ್ರ ಏನೂ ಮಾಡೋದು ಬೇಡ. ನಾಳೆ ಬನ್ನಿ, ರೆಡಿ ಇರುತ್ತೆ," ಎಂದರು ಆಂಟಿ.

ಅಜ್ಜಿ ಕೈಚೀಲದಲ್ಲಿ ಏನನ್ನೋ ಹುಡುಕತೊಡಗಿದರು. ಅದೇ ಸಮಯ ನೋಡಿ ಅಜ್ಜ ಕೋಟು ಬಿಚ್ಚಿ 'ಉಸ್ಸಪ್ಪಾ' ಎಂದು ಉಸಿರು ಬಿಟ್ಟರು. ಹೊಟ್ಟೆ ವಾಪಸ್ ಬಂತು. ಗುಬ್ಬಿ ಬಾಯಿಗೆ ಕೈ ಅಡ್ಡ ಹಿಡಿದು ನಗು ತಡೆದಳು.

ಆದರೆ ಬಾಗಿಲ ಹತ್ತಿರ ಬರುವಷ್ಟರಲ್ಲಿ ಅವಳ ನಗು ನಿಂತುಹೋಗಿತ್ತು. ಕ್ಯಾಪ್ಟನ್ ಊಟದ ದಿನವೂ ಅಜ್ಜ ಹೀಗೇ ಕೂತಿರಬೇಕಲ್ಲವೇ? ಹೊಟ್ಟೆ ತುಂಬ ತಿನ್ನುವ ಹಾಗಿಲ್ಲ, ಜೋಕ್ ಹೇಳುವ ಹಾಗಿಲ್ಲ. ಅಜ್ಜ ಮಾತಾಡದ ಊಟ ಒಂದು ಊಟವೇ? ಗುಬ್ಬಿಗೆ ತುಂಬ ಬೇಜಾರಾಯಿತು. ಹೇಳಿಬಿಡೋಣವೆಂದರೆ ಅಜ್ಜಿಯ ಮುಂದೆ ಅಜ್ಜನ ಮರ್ಯಾದೆ ಹೋಗುತ್ತದೆ.

ಗುಬ್ಬಿ ಗಕ್ಕನೆ ನಿಂತಳು.

"ಆಂಟೀ, ನನ್ನ ಅಳತೆ ತಪ್ಪಾಗಿದೆ. ನಾನು ತುದಿಗಾಲಲ್ಲಿ ನಿಂತಿದ್ದೆ."

"ಅಯ್ಯೋ, ಯಾಕೇ?"

"ಉದ್ದ ಇದೀನಿ ಅಂತ ತೋರಿಸ್ಕೊಳ್ಳೋಕೆ. ಆದ್ರೆ ಹಡಗಲ್ಲೆಲ್ಲಾ ತುದಿಗಾಲಲ್ಲೇ ಓಡಾಡಕ್ಕಾಗುತ್ತಾ? ಎಡವಿ ಕ್ಯಾಪ್ಟನ್ ಮೇಲೇ ಬೀಳ್ತೀನಷ್ಟೇ."

ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು. ಆಂಟಿ ಬಿದ್ದು ಬಿದ್ದು ನಕ್ಕರು. ಗುಬ್ಬಿ ಮತ್ತೆ ಗೌನು ತೊಟ್ಟು, ಈ ಸಲ ಹಿಮ್ಮಡಿಯನ್ನು ನೆಲಕ್ಕೆ ಊರಿ ನಿಂತಳು. ಅಜ್ಜನ ಕಡೆ ಮಾತ್ರ ಅಪ್ಪಿತಪ್ಪಿಯೂ ನೋಡಲಿಲ್ಲ.

ಅಜ್ಜ ತಲೆ ಕೆರೆದುಕೊಂಡರು, ಕೆಮ್ಮಿದರು.

"ಅದೂ... ನಂದೂ ಇನ್ನೊಂದ್ಸಲ ನೋಡ್ಬಿಡಿ. ನಾನೂ ಒಂಥರಾ ತುದಿಗಾಲಲ್ಲೇ ನಿಂತಿದ್ದೆ."

ಕೋಟು ತೊಟ್ಟು ಅಜ್ಜ ನಿಧಾನವಾಗಿ ಉಸಿರು ಬಿಟ್ಟರು. ಗುಂಡಿಗೂ ಅದರ ಕಾಜಕ್ಕೂ ನಡುವೆ ಅಂಗೈಯಗಲ ಜಾಗ! ಅಜ್ಜ ನೆಲ ನೋಡುತ್ತ ನಿಂತರು.

ಅಜ್ಜಿ ಹತ್ತಿರ ಬಂದು ಅವರ ಕಾಲರ್ ಸರಿಮಾಡಿದರು. "ಉಸಿರಾಡ್ರೀ, ಧಾರಾಳವಾಗಿ ಉಸಿರಾಡಿ. ನಾನು ಮದುವೆ ಆಗಿದ್ದು ಕೋಟನ್ನಲ್ಲ."

ಆಂಟಿ ಕೋಟಿನ ಒಳಮೈ ತಿರುಗಿಸಿದರು. "ಇಲ್ನೋಡಿ, ಹೊಲಿಗೆ ಪಕ್ಕ ಬೇಕಾದಷ್ಟು ಬಟ್ಟೆ ಬಿಟ್ಟಿದ್ದಾರೆ. ಬಿಚ್ಚಿ ಹೊಲಿದ್ರೆ ಆಯ್ತು."

"ಅವಾಗಿಂದ ಒಳಗೇ ಇತ್ತಾ?" ಗುಬ್ಬಿ ಕಣ್ಣರಳಿಸಿದಳು.

"ಇತ್ತಮ್ಮ. ನಿನ್ನ ಗೌನನ್ನೂ ನಾನು ಕತ್ತರಿಸಲ್ಲ. ಒಳಗೆ ಮಡಚಿ ಹೊಲೀತೀನಿ."

ಹಡಗಿನ ಊಟದ ದಿನ ಅಜ್ಜನ ಬಾಯಿಗೆ ಬಿಡುವೇ ಇರಲಿಲ್ಲ. ಒಂದು ಜೋಕ್ ಮುಗಿಯುವ ಮೊದಲೇ ಇನ್ನೊಂದು. ಅಜ್ಜಿ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಕ್ಯಾಪ್ಟನ್ ಅಂತೂ ನಗು ತಡೆಯಲಾಗದೆ ಚಮಚ ಕೆಳಗಿಟ್ಟರು. ಆಮೇಲೆ ಅವರು ಗುಬ್ಬಿಯ ಕಡೆ ತಿರುಗಿದರು.

"ಅರೆ, ಎಷ್ಟು ಪುಟ್ಟಗಿದ್ದೀಯಮ್ಮಾ ನೀನು!"

ಗುಬ್ಬಿ ಕುರ್ಚಿಯಿಂದ ಇಳಿದು ನಿಂತಳು. ಎರಡು ಹಿಮ್ಮಡಿಗಳೂ ನೆಲದ ಮೇಲಿದ್ದವು. ಅವಳು ಬಗ್ಗಿ ಗೌನಿನ ಅಂಚನ್ನು ಮುಟ್ಟಿ ನೋಡಿದಳು. ಒಳಗೆ ಮಡಚಿದ ಬಟ್ಟೆ ದಪ್ಪಗೆ, ಭದ್ರವಾಗಿ ಕೈಗೆ ಸಿಕ್ಕಿತು.

"ಹೂಂ, ಈಗ ಇಷ್ಟೇ," ಎಂದಳು ನಗುತ್ತ.