ಮೂರು ಖಾಲಿ ನಕಲುಗಳು

ಪರದೆಯ ಮೇಲೆ ಸೊನ್ನೆ ಇತ್ತು.

ಶನಿವಾರ ಮಧ್ಯಾಹ್ನ ಅದೇ ಜಾಗದಲ್ಲಿ ಎರಡು ಸಾವಿರದ ಎಂಟುನೂರ ಅರವತ್ತು ಎಂದಿತ್ತು. ಸೋಮವಾರ ಬೆಳಿಗ್ಗೆ ಹತ್ತಕ್ಕೆ ಒಂದೂ ಇಲ್ಲ.

ಕಸೂತಿ ಸಂಘದ ಕೋಣೆಯಲ್ಲಿ ಹನ್ನೊಂದು ಹೆಂಗಸರು ಕಂಪ್ಯೂಟರಿನ ಸುತ್ತ ನಿಂತಿದ್ದರು. ನೂಲು ಎಲ್ಲೂ ಹೋಗಿರಲಿಲ್ಲ. ಗೋಡೆಯುದ್ದದ ಡ್ರಾಯರುಗಳಲ್ಲಿ ಹಾಗೇ ಇತ್ತು. ಹೋಗಿದ್ದು ಪಟ್ಟಿ. ಯಾವ ನಂಬರಿನ ನೂಲು, ಯಾವ ಬಣ್ಣ, ಯಾವ ಡ್ರಾಯರು ಎಂದು ಆರು ವರ್ಷ ಬರೆದಿಟ್ಟ ಪಟ್ಟಿ. ಅವತ್ತೇ ವರ್ಷದ ತಾಳೆ ಶುರುವಾಗಬೇಕಿತ್ತು. ಪಟ್ಟಿ ಹಿಡಿದು ಒಂದೊಂದೇ ಡ್ರಾಯರು ನೋಡುವ ಕೆಲಸ.

ನಾನು ಕಂಪ್ಯೂಟರ್ ರಿಪೇರಿಯವನು. ಆ ಪ್ರೋಗ್ರಾಂ ಹಾಕಿಕೊಟ್ಟವನು ನಾನೇ. ಸಂಘದ ಉಗ್ರಾಣ ನೋಡಿಕೊಳ್ಳುವುದು ನಮ್ಮಕ್ಕ. ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಅವಳು ಕರೆದರೆ ನಾನು ಅಂಗಡಿ ಮುಚ್ಚಿ ಬರುತ್ತೇನೆ, ಬಂದ ಮೇಲೆ ಗೊಣಗುತ್ತೇನೆ.

“ಸೂಜಿ ಹಿಡಿಯೋ ಅಯಸ್ಕಾಂತ ಪಕ್ಕದಲ್ಲೇ ಇತ್ತಪ್ಪ,” ಎಂದರು ಅಧ್ಯಕ್ಷೆ. ನಿವೃತ್ತ ಟೀಚರು. “ಅದೇ ತಿಂದುಹಾಕಿರಬೇಕು.”

“ಅದು ಪಟ್ಟಿ ಒಂದನ್ನೇ ಆರಿಸಿ ತಿನ್ನುತ್ತಾ ಮೇಡಂ? ಉಳಿದದ್ದೆಲ್ಲ ಗಟ್ಟಿಮುಟ್ಟಾಗಿದೆ. ಯಾರೋ ಕೂತು ಅಳಿಸಿದ್ದಾರೆ.”

ಬ್ಯಾಕಪ್ ಇರುವ ಪೆನ್ ಡ್ರೈವ್ ಗುಂಡಿ ಡಬ್ಬಿಯಲ್ಲಿತ್ತು. ಸಿಕ್ಕಿಸಿದೆ. ಪ್ರತಿ ಶನಿವಾರ ಒಂದು ನಕಲು ಅದರೊಳಗೆ ಹೋಗಬೇಕು, ಕೊನೆಯ ಮೂರು ಮಾತ್ರ ಉಳಿಯುತ್ತವೆ. ಈಗ ಮೂರು ನಕಲು ಇದ್ದವು. ಮೂರೂ ಒಂದೇ ಶನಿವಾರದವು. ಮೂರೂ ಖಾಲಿ.

ನನ್ನ ತಲೆ ಕಾದಿತು. ಪ್ರತಿಯೊಬ್ಬರೂ ತಮ್ಮ ಹೆಸರು ಹಾಕಿಯೇ ಪ್ರೋಗ್ರಾಂ ತೆರೆಯಬೇಕು; ಅಳಿಸಿದಾಗ ತೆರೆದಿದ್ದ ಹೆಸರು ತೆಗೆದೆ. ಹೊಸ ಸದಸ್ಯೆಯದು. ಬಸ್ ಕಂಡಕ್ಟರ್ ಆಕೆ. ಸೇರಿ ಮೂರು ತಿಂಗಳು. ಸಮವಸ್ತ್ರದಲ್ಲೇ ಬಂದು ಬಾಗಿಲ ಹತ್ತಿರ ನಿಂತಿದ್ದಳು.

“ನೀನೇ ಅಳಿಸಿದ್ದು,” ಎಂದೆ.

“ನಾನಲ್ಲ.”

“ಹೆಸರು ನಿಂದೇ ಇದೆ. ನಿನ್ನ ಬದಲು ದೆವ್ವ ಬಂದು ಕೂತಿತ್ತಾ? ಕಂಪ್ಯೂಟರ್ ಬರದಿದ್ರೆ ಮುಟ್ಟಬಾರದು. ಮುಟ್ಟಿ ಕೆಡಿಸಿದ್ರೆ ಒಪ್ಕೋಬೇಕು. ಮೂರು ಸಲ ಮುಚ್ಚಿಹಾಕೋಕೆ ನೋಡಿದ್ದೀಯಲ್ಲ, ಅದು ಕಳ್ಳಬುದ್ಧಿ.”

ನನ್ನ ಗಂಟಲು ದೊಡ್ಡದು. ಕಿಟಕಿ ತೆರೆದಿತ್ತು, ಕೆಳಗೇ ಟೈಲರ್ ಅಂಗಡಿ. ಆಕೆಯ ಮುಖ ಕಪ್ಪಿಟ್ಟಿತು.

“ಸಂಜೆ ಐದಕ್ಕೆ ಸಭೆ ಮಾಡೋಣ,” ಎಂದರು ಅಧ್ಯಕ್ಷೆ. “ಇವರನ್ನ ಇಟ್ಟುಕೊಳ್ಳೋದೋ ಬಿಡೋದೋ ಆಗ ನೋಡೋಣ.”

ಆಕೆ ಚೀಲ ಹೆಗಲಿಗೆ ಹಾಕಿದಳು. “ವಾರಕ್ಕೆ ಆರು ದಿನ ಊರವರ ಬೈಗುಳ ತಿಂತೀನಿ. ಇಲ್ಲಿ ಮೂರು ಗಂಟೆ ಯಾರೂ ಬೈಯಲ್ಲ ಅಂತ ಬರ್ತಿದ್ದೆ,” ಎಂದು ಮೆಟ್ಟಿಲಿಳಿದಳು.

ಅಕ್ಕ ಡ್ರಾಯರುಗಳ ಕಡೆ ತಿರುಗಿ ನಿಂತಿದ್ದಳು.

* * *

ಅಳಿಸಿದ ಕಡತ ನಿಜವಾಗಿ ಅಳಿಯುವುದಿಲ್ಲ. ಅದರ ಜಾಗದಲ್ಲಿ ಇನ್ನೊಂದು ಬಂದು ಕೂರುವವರೆಗೆ ಅಲ್ಲೇ ಬಿದ್ದಿರುತ್ತದೆ. ಖಾಲಿ ನಕಲುಗಳು ಚಿಕ್ಕವು. ಹಳೆಯ ದೊಡ್ಡ ನಕಲನ್ನು ಪೂರ್ತಿ ತುಳಿದಿರಲಾರವು. ಪೆನ್ ಡ್ರೈವಿಗೆ ಹೊಸದಾಗಿ ಏನನ್ನೂ ಹಾಕದೆ, ಹುಡುಕುವ ಪ್ರೋಗ್ರಾಂ ಓಡಲು ಬಿಟ್ಟೆ. ಮೂರು ತಾಸು ಬೇಕು ಎಂದಿತು.

ಅಷ್ಟರಲ್ಲಿ ಸಮಯ ನೋಡಿದೆ. ಪಟ್ಟಿ ಅಳಿಸಿದ್ದು ಶನಿವಾರ 4:52ಕ್ಕೆ. ಖಾಲಿ ನಕಲುಗಳು 4:54, 4:55, 4:56ಕ್ಕೆ.

ಬೆರಳು ತಪ್ಪಿ ಆದದ್ದಲ್ಲ. ಗಾಬರಿಯಿಂದ ಮಾಡಿದ್ದೂ ಅಲ್ಲ. ಎಣಿಸಿ ಮಾಡಿದ್ದು. ಆಕೆಯ ಬಾಯಿಂದಲೇ ಹೊರಡಿಸುತ್ತೇನೆ ಎಂದು ಬಸ್ ಡಿಪೋಗೆ ನಡೆದೆ.

* * *

ಕಂಡಕ್ಟರ್ ಒಂದು ಸುತ್ತು ಮುಗಿಸಿ ಡಿಪೋದ ಬೆಂಚಿನ ಮೇಲೆ ನೀರು ಕುಡಿಯುತ್ತಿದ್ದಳು.

“ಶನಿವಾರ ಐದಕ್ಕೆ ಎಂಟು ನಿಮಿಷ ಇದ್ದಾಗ ಎಲ್ಲಿದ್ದೆ?”

“ಬಸ್ಸಲ್ಲಿ. ಡ್ಯೂಟಿ ಮೇಲೆ.”

“ಸುಳ್ಳು ಹೇಳ್ಬೇಡ.”

ಆಕೆ ಎದ್ದು ಸಮಯ ಬರೆದುಕೊಳ್ಳುವವರ ಕಿಟಕಿಗೆ ಹೋದಳು. “ಅಣ್ಣಾ, ಶನಿವಾರದ ಪುಟ ತೋರಿಸಿ ಇವರಿಗೆ.”

ಆತ ಪುಸ್ತಕ ತಿರುಗಿಸಿದ. ಆಕೆಯ ಸಹಿ. ಹಾಜರಿ 4:30. ಬಸ್ ಹೊರಟದ್ದು 4:40.

“ಒಂದು ನಿಮಿಷ ತಡ ಮಾಡಿದ್ರೂ ನಾನು ಬಿಡಲ್ಲ ಸಾರ್,” ಎಂದ ಆತ. “ನಮ್ಮತ್ತೆ ಆದ್ರೂ ಅಷ್ಟೇ.”

ಆ ಸಾಲನ್ನು ಎರಡು ಸಲ ಓದಿದೆ. ಕೊನೆಗೆ, “ಬೆಳಿಗ್ಗೆ ಯಾಕೆ ಹೇಳಲಿಲ್ಲ?” ಎಂದೆ.

“ನೀವು ಕೇಳಿದ್ರಾ?”

“ಹೆಸರು ಹೇಗೆ ಬಂತು ಹಾಗಾದ್ರೆ?”

“ನಾಲ್ಕು ಗಂಟೆಗೆ ಹೊರಟಾಗ ಕಂಪ್ಯೂಟರ್ ಮುಚ್ಚೋಕೆ ಹೋದೆ. ಉಗ್ರಾಣದಮ್ಮ, ಹಾಗೇ ಬಿಡು, ನಾನು ಮುಚ್ಚುತ್ತೀನಿ ಅಂದ್ರು.”

“ನಮ್ಮಕ್ಕನ ತಲೆಗೆ ಕಟ್ತೀಯಾ?”

“ಕೇಳಿದ್ರಿ, ಹೇಳ್ದೆ.” ಆಕೆ ಟಿಕೆಟ್ ಯಂತ್ರ ಕೊರಳಿಗೆ ಹಾಕಿಕೊಂಡಳು. “ಅದಕ್ಕೂ ಬೈತೀರಲ್ಲ.”

* * *

ವಾಪಸು ಬಂದಾಗ ಹಳೆಯ ನಕಲು ಸಿಕ್ಕಿತ್ತು. ಹಿಂದಿನ ವಾರದ್ದು. ಪೂರ್ತಿ ಪಟ್ಟಿ.

ಖುಷಿಪಡಬೇಕಿತ್ತು. ಆಗಲಿಲ್ಲ. ಪಟ್ಟಿ ಹಿಡಿದು ಡ್ರಾಯರು ತೆರೆಯುತ್ತಾ ಹೋದೆ. ಒಂದೂ ಕಳುವಾಗಿರಲಿಲ್ಲ. ಆದರೆ ಅರವತ್ತೊಂದು ನೂಲು ತಪ್ಪು ಡ್ರಾಯರಿನಲ್ಲಿದ್ದವು. ಹಸಿರಿನ ನಡುವೆ ನೀಲಿ. ಕಂದಿನ ನಡುವೆ ನೇರಳೆ. ಬಿಳಿಯ ಜೊತೆ ತೆಳು ಹಳದಿ.

ಸಂಘದಲ್ಲಿ ಒಂದು ರೂಢಿ. ಬಳಸಿ ಉಳಿದ ನೂಲಿನ ನಂಬರನ್ನು ಸದಸ್ಯೆಯರೇ ಕಂಪ್ಯೂಟರಿಗೆ ಹಾಕಿ, ನೂಲನ್ನು ಬುಟ್ಟಿಗೆ ಬಿಡುತ್ತಾರೆ. ಅಷ್ಟು ಹೊತ್ತಿಗೆ ಅದರ ಮೇಲಿನ ನಂಬರಿನ ಚೀಟಿ ಹರಿದುಹೋಗಿರುತ್ತದೆ. ಬುಟ್ಟಿಯಿಂದ ಡ್ರಾಯರಿಗೆ ಸೇರಿಸುವವರು ಬರೀ ಕಣ್ಣಲ್ಲಿ ಬಣ್ಣ ನೋಡಿ ಸೇರಿಸಬೇಕು. ಆ ಕೆಲಸ ಒಬ್ಬರದೇ.

ಅಕ್ಕ ಕಿಟಕಿ ಹತ್ತಿರ ಕೂತಿದ್ದಳು. ನಾನು ಒಂದು ನೂಲು ಹಿಡಿದೆ.

“ಇದು ಯಾವ ಬಣ್ಣ ಅಕ್ಕಾ?”

“ಯಾಕೋ, ನಿಂಗೆ ಕಣ್ಣಿಲ್ವಾ? ಹಸಿರು.”

ನನ್ನ ಕೈಯಲ್ಲಿದ್ದದ್ದು ನೀಲಿ.

ಡ್ರಾಯರು ಮುಚ್ಚಿದೆ.

* * *

ಐದಕ್ಕೆ ಎಲ್ಲರೂ ಸೇರಿದರು. ಕಂಡಕ್ಟರ್ ತನ್ನ ಕಸೂತಿ ಚೌಕಟ್ಟನ್ನು ಬೀರುವಿನಿಂದ ತೆಗೆದು ಚೀಲಕ್ಕೆ ತುರುಕಿಯಾಗಿತ್ತು. ಹೇಳಿಸಿಕೊಂಡು ಹೋಗುವ ಬದಲು ತಾನೇ ಹೋಗುವ ಲೆಕ್ಕ.

“ಪಟ್ಟಿ ಸಿಕ್ಕಿದೆ,” ಎಂದೆ. “ಅಳಿಸಿದ್ದು ಕಂಡಕ್ಟರ್ ಅಲ್ಲ.”

“ಮತ್ತೆ?” ಎಂದರು ಅಧ್ಯಕ್ಷೆ.

ಅಕ್ಕನ ಕಡೆ ನೋಡಿದೆ. ನಾಲಿಗೆ ಹೊರಳಿತು. “ಯಂತ್ರದ ದೋಷ.”

ಕಂಡಕ್ಟರ್ ನಕ್ಕಳು. “ಮೂರು ಸಲ? ಅದೂ ನನ್ನ ಹೆಸರಲ್ಲಿ? ಬೆಳಿಗ್ಗೆ ಕಳ್ಳಬುದ್ಧಿ ಅಂದ್ರಿ. ಈಗ ಯಂತ್ರ ಅಂದ್ರೆ, ಯಾರನ್ನೋ ಉಳಿಸೋಕೆ ಹೇಳ್ತಿದ್ದಾರೆ ಅಂತ ಎಲ್ಲರೂ ಅಂದ್ಕೋತಾರೆ. ಆ ಯಾರೋ ನಾನೇ ಆಗ್ತೀನಿ. ಬೇಡ ಬಿಡಿ.”

ಆಕೆ ಹೇಳಿದ್ದರಲ್ಲಿ ತಪ್ಪಿರಲಿಲ್ಲ. ನಾನು ಮೇಜು ಹಿಡಿದು ನಿಂತೆ.

“ಅಳಿಸಿದಾಗ 4:52. ಈಕೆ 4:30ಕ್ಕೇ ಡಿಪೋದಲ್ಲಿ ಸಹಿ ಹಾಕಿದ್ದಾರೆ. ಈಕೆಯ ಹೆಸರು ತೆರೆದೇ ಇದ್ದದ್ದು, ಮುಚ್ಚಬೇಡ ಅಂತ ಒಬ್ಬರು ಹೇಳಿದ್ದಕ್ಕೆ. ಪ್ರೋಗ್ರಾಂ ಮೂರೇ ನಕಲು ಇಟ್ಟುಕೊಳ್ಳುತ್ತೆ. ನಾಲ್ಕನೇದು ಬಂದ್ರೆ ಮೊದಲನೇದು ಹೋಗುತ್ತೆ. ಖಾಲಿ ಪಟ್ಟಿನ ಮೂರು ಸಲ ಉಳಿಸಿದ್ರೆ ಹಳೇದು ಒಂದೂ ಉಳಿಯಲ್ಲ. ಇದನ್ನ ನಾನು ಒಬ್ಬರಿಗೆ ಮಾತ್ರ ಹೇಳಿಕೊಟ್ಟಿದ್ದೆ. ಬೈದು ಹೇಳಿಕೊಟ್ಟಿದ್ದೆ, ಮರೀಬಾರದು ಅಂತ.”

ಎಲ್ಲರ ಕಣ್ಣೂ ಅಕ್ಕನ ಕಡೆ ತಿರುಗಿದವು.

“ನೂಲು ತಪ್ಪು ಡ್ರಾಯರಲ್ಲಿವೆ. ಇವತ್ತು ತಾಳೆ ನೋಡಿದ್ರೆ ಗೊತ್ತಾಗ್ತಿತ್ತು. ಪಟ್ಟಿನೇ ಇಲ್ಲದಿದ್ರೆ ಡ್ರಾಯರಲ್ಲಿ ಇದ್ದದ್ದೇ ಸರಿ. ಅಷ್ಟಕ್ಕೇ ಅಳಿಸಿದ್ದು. ನೀಲಿ ಹಸಿರಾಗಿ ಕಾಣೋದು, ಬಿಳಿ ಹಳದಿಗೆ ತಿರುಗೋದು, ಅದು ಕಣ್ಣಿನ ಪೊರೆ.” ಮೇಜಿನಿಂದ ಕೈ ತೆಗೆದೆ. “ನಾಲ್ಕು ತಿಂಗಳ ಹಿಂದೆ ಅಕ್ಕ ನನ್ನ ಕರೆದಿದ್ದಳು. ಪರದೆ ಹಳದಿ ಬೀಳ್ತಿದೆ, ನೋಡೋ ಅಂತ. ಎರಡು ಸಲ ಕರೆದಳು. ನಾನು ಪರದೆ ನೋಡಿದೆ. ಸರಿ ಇತ್ತು. ಸುಮ್ಮಸುಮ್ಮನೆ ಕರೀಬೇಡ ಅಂತ ರೇಗಿ ಹೋದೆ. ಅವಳ ಕಣ್ಣು ನೋಡಲಿಲ್ಲ.”

ಅಕ್ಕ ತಲೆಯೆತ್ತಲಿಲ್ಲ. ಸೆರಗಿನ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದಳು.

“ಮೂವತ್ತು ವರ್ಷ ನಾನು ಬಣ್ಣ ಹೇಳಿದ್ರೆ ಇವರು ಸೂಜಿ ಎತ್ತುತ್ತಿದ್ರು,” ಎಂದಳು. “ಕಾಣಲ್ಲ ಅಂತ ಹೇಳೋಕೆ ಬಾಯಿ ಬರಲಿಲ್ಲ. ಅಳಿಸಿದ್ದರ ಮೇಲೆ ಅವಳ ಹೆಸರು ನಿಲ್ಲುತ್ತೆ ಅಂತ ಗೊತ್ತಿರಲಿಲ್ಲ ಕಣೋ. ಆದ್ರೆ ಬೆಳಿಗ್ಗೆ ನೀನು ಅವಳ ಮೇಲೆ ಕೂಗಿದಾಗ ನನಗೆ ಎದೆ ಹಗುರ ಆಯ್ತು. ಹಗುರ ಆಯ್ತಲ್ಲ, ಅದನ್ನ ಹೇಗೆ ತೊಳ್ಕೊಳ್ಳಲಿ?”

ಅಧ್ಯಕ್ಷೆ ಕನ್ನಡಕ ತೆಗೆದು ಒರೆಸುತ್ತಾ ಕೂತರು. ಬೆಳಿಗ್ಗೆ ಅಯಸ್ಕಾಂತ ಎಂದವರು ಈಗ ಕಂಡಕ್ಟರ್ ಕಡೆ ನೋಡಲಾರದೆ ಗೋಡೆ ನೋಡುತ್ತಿದ್ದರು.

ನಾನು ಕಂಡಕ್ಟರ್ ಮುಂದೆ ಹೋಗಿ ನಿಂತೆ. “ತಪ್ಪಾಯ್ತಮ್ಮ,” ಎಂದೆ.

“ಏನಂದ್ರಿ?”

“ತಪ್ಪಾಯ್ತು.”

“ಬೈಯೋವಾಗ ಇಷ್ಟು ಮೆತ್ತಗಿರಲಿಲ್ಲ ನಿಮ್ಮ ಗಂಟಲು.” ಆಕೆಯ ಕಣ್ಣಲ್ಲಿ ನೀರಿತ್ತು, ಮಾತು ಗಟ್ಟಿಯಾಗಿತ್ತು. “ಕೆಳಗಿನ ಟೈಲರು ಮಧ್ಯಾಹ್ನ ನನ್ನ ಬಸ್ ಹತ್ತಿದ್ರು. ಟಿಕೆಟ್ ಕೊಡೋಕೆ ಹೋದ್ರೆ ಕೈಚೀಲ ಕಂಕುಳಿಗೆ ಒತ್ತಿಕೊಂಡ್ರು. ನನ್ನ ಹತ್ರ ತಪ್ಪಾಯ್ತು ಅಂದ್ರೆ ಅವರಿಗೆ ಕೇಳುತ್ತಾ?”

ಅಕ್ಕ ಎದ್ದಳು. “ನಾನು ಹೋಗಿ ಹೇಳ್ತೀನಿ.”

“ನೀನು ಕೂತ್ಕೋ,” ಎಂದೆ. “ಕೂಗಿದ್ದು ನಾನು.”

ಮೆಟ್ಟಿಲು ಹದಿನೆಂಟು. ಒಂದೊಂದನ್ನೂ ಇಳಿದೆ. ಟೈಲರು ಯಂತ್ರ ತುಳಿಯುತ್ತಿದ್ದ. ಅಂಗಡಿಯಲ್ಲಿ ಅಳತೆ ಕೊಡಲು ನಾಲ್ಕು ಜನ ನಿಂತಿದ್ದರು. ಎಲ್ಲರಿಗೂ ನನ್ನ ಗುರುತಿತ್ತು. ಅಕ್ಕನದೂ.

“ಬೆಳಿಗ್ಗೆ ನಾನು ಕಂಡಕ್ಟರಮ್ಮನಿಗೆ ಅಂದದ್ದೆಲ್ಲ ಸುಳ್ಳು. ಆಕೆ ಏನೂ ಮಾಡಿಲ್ಲ.”

“ಹೌದಾ?” ಟೈಲರು ಕಾಲು ನಿಲ್ಲಿಸಲಿಲ್ಲ. “ಮತ್ತೆ ಮಾಡಿದ್ದು ಯಾರು?”

“ನಮ್ಮಕ್ಕ.”

“ಯಾರು? ಕೇಳಿಸಲಿಲ್ಲ.”

ಯಂತ್ರ ನಿಂತಿತು. ನಾಲ್ಕೂ ಜನ ನನ್ನ ಕಡೆ ತಿರುಗಿದರು. ನಾನು ಬೆಳಿಗ್ಗೆಯಷ್ಟೇ ಗಟ್ಟಿಯಾಗಿ ಮತ್ತೆ ಹೇಳಿದೆ.