ತುಂಬಿದ ಲೋಟಗಳು

ಕಲಾಪ ಮುಗಿದ ಮೇಲೆ ಸೇವಕರು ಲೋಟ ತೆಗೆಯಲು ಒಳಗೆ ಬಂದರು. ರಾಷ್ಟ್ರಸಭೆಯಲ್ಲಿ ಪ್ರತಿ ಸದಸ್ಯರ ಮುಂದೆ ಒಂದು ಲೋಟ ನೀರಿಡುವುದು ಹಳೆಯ ರೂಢಿ. ಕೂಗಾಡಿ ಗಂಟಲು ಒಣಗುವ ಜಾಗ ಅದು. ಸಂಜೆಯ ಹೊತ್ತಿಗೆ ಲೋಟಗಳೆಲ್ಲ ಖಾಲಿಯಾಗಿರಬೇಕು. ಆದರೆ ಆ ಅಧಿವೇಶನದಲ್ಲಿ ಅಲ್ಲೊಂದು ಇಲ್ಲೊಂದು ಲೋಟ ಅಂಚಿನವರೆಗೂ ತುಂಬಿಕೊಂಡೇ ಉಳಿಯುತ್ತಿತ್ತು. ಆ ಕುರ್ಚಿಗಳಲ್ಲಿದ್ದವರು ಸುಮ್ಮನೆ ಕೂತಿದ್ದರೆಂದಲ್ಲ, ಉಳಿದವರಿಗಿಂತ ಜೋರಾಗಿಯೇ ಕೂಗಾಡಿದ್ದರು. ಅವರಿಗೆ ಗಂಟಲಿರಲಿಲ್ಲ, ಅಷ್ಟೇ.

ಅವರು ಪ್ರತಿಸದಸ್ಯರು. ಕಾಯಿಲೆ ಬಿದ್ದ ಸದಸ್ಯರ ಮತ ವ್ಯರ್ಥವಾಗಬಾರದೆಂದು ಡಾ. ಸುಧನ್ವ ಕಲ್ಕೂರ ಕಂಡುಹಿಡಿದ ಬೆಳಕಿನ ಬೊಂಬೆಗಳು. ಸದಸ್ಯರು ಅದುವರೆಗೆ ಆಡಿದ ಭಾಷಣ, ಹಾಕಿದ ಮತ, ಬರೆದ ಟಿಪ್ಪಣಿ, ಮನೆಯಲ್ಲಿ ಆಡಿದ ಮಾತು ಎಲ್ಲವನ್ನೂ ಉಣಿಸಿ ಯಂತ್ರ ಅವರ ಮನಸ್ಸಿನ ಒಂದು ಪ್ರತಿ ತೆಗೆಯುತ್ತಿತ್ತು. ಆ ಪ್ರತಿ ಕುರ್ಚಿಯಲ್ಲಿ ಅವರದೇ ರೂಪದಲ್ಲಿ ಕೂತು, ಅವರಿದ್ದಿದ್ದರೆ ಏನು ಮಾಡುತ್ತಿದ್ದರೋ ಅದನ್ನೇ ಮಾಡುತ್ತಿತ್ತು. ಕಾನೂನಿನ ಷರತ್ತು ಒಂದೇ: ಅಸಲು ಸದಸ್ಯರ ಮಣಿಕಟ್ಟಿನಲ್ಲಿ ನಾಡಿಪಟ್ಟಿ ಇರಬೇಕು. ನಾಡಿ ಮಿಡಿಯುವ ತನಕ ಬೊಂಬೆಗೆ ಮತ. ನಾಡಿ ನಿಂತರೆ ಬೊಂಬೆ ಆರಬೇಕು.

ಸದನ ಇದಕ್ಕೆ ತನ್ನದೊಂದು ನಿಯಮವನ್ನೂ ಸೇರಿಸಿತ್ತು. ಹಿಂದೊಮ್ಮೆ ಸಂತಾಪ ಸೂಚನೆಗೆ ಎಲ್ಲರೂ ಎದ್ದು ನಿಂತಿದ್ದಾಗ ಯಾವುದೋ ತಂತಿ ಕೆಟ್ಟು ಒಬ್ಬ ಪ್ರತಿಸದಸ್ಯ ಮೌನದ ನಡುವೆಯೇ ಮಾಯವಾಗಿದ್ದ. ಸತ್ತವರಿಗೆ ಅವಮಾನವಾಯಿತೆಂದು ದೊಡ್ಡ ಗಲಾಟೆ ಎದ್ದಿತು. ಆಮೇಲೆ ಕಲ್ಕೂರರು ಯಂತ್ರದ ಬುಡದಲ್ಲೇ ಒಂದು ಬೀಗ ಹಾಕಿಕೊಟ್ಟರು. ಸಂತಾಪಕ್ಕೆ ಎದ್ದ ಪ್ರತಿಸದಸ್ಯ ತಾನಾಗಿ ಕೂರುವ ತನಕ ಯಾರೂ, ಸ್ವತಃ ಕಲ್ಕೂರರೂ, ಅವನನ್ನು ಆರಿಸುವಂತಿಲ್ಲ. ಎರಡು ನಿಮಿಷದ ಮಾತಲ್ಲವೇ ಎಂದು ಎಲ್ಲರೂ ಒಪ್ಪಿದ್ದರು.

ಈಗ ಮಧ್ಯಾವಧಿ ಚುನಾವಣೆ ಹತ್ತಿರ ಬಂದಿತ್ತು. ಸಭೆಯ ಅರ್ಧ ಸ್ಥಾನಗಳಿಗೆ ಅವಧಿಯ ನಡುವೆ ಚುನಾವಣೆ ನಡೆಸುವ ಹೊಸ ಪದ್ಧತಿಯದು. ಅದಕ್ಕೆ ಮುಂಚೆ ಸರ್ಕಾರ ಬಹುಮತ ಕಳೆದುಕೊಂಡರೆ ಗದ್ದುಗೆ ವಿರೋಧಿಗಳಿಗೆ ಹೋಗುತ್ತಿತ್ತು. ಪಕ್ಷಗಳ ಬಲಾಬಲ ಹೇಗಿತ್ತೆಂದರೆ, ಸರ್ಕಾರದ ಬಳಿ ಇದ್ದದ್ದು ಒಂದೇ ಒಂದು ಸ್ಥಾನದ ಬಹುಮತ. ಯಾರಾದರೂ ಕೆಮ್ಮಿದರೆ ಎರಡೂ ಕಡೆಯವರು ತಿರುಗಿ ನೋಡುತ್ತಿದ್ದರು.

ಆ ಒಂದು ಸ್ಥಾನ ಗುರುಪಾದಪ್ಪ ಕೊಣ್ಣೂರರದು ಎಂದು ಆಡಳಿತ ಪಕ್ಷದ ಮುಖ್ಯ ಸಚೇತಕ ಹೇಮಂತ ಇನಾಮತಿ ಲೆಕ್ಕ ಹಾಕಿದ್ದ. ಗುರುಪಾದಪ್ಪ ಬಾಗಲಕೋಟೆ ಕಡೆಯವರು. ತಮ್ಮ ಭಾಗಕ್ಕೊಂದು ರೈಲು ಮಾರ್ಗ ಬೇಕೆಂದು ಕೇಳಿ ಕೇಳಿ 'ರೈಲು ಗುರುಪಾದಪ್ಪ' ಎಂದೇ ಹೆಸರಾಗಿದ್ದರು. ಕಾಯಿಲೆಯಿಂದ ಹಾಸಿಗೆ ಹಿಡಿದ ಮೇಲೆ ಸದನದಲ್ಲಿ ಅವರ ಪ್ರತಿ ಕೂತಿತ್ತು. ದೆಹಲಿಯ ಸರ್ಕಾರಿ ಬಂಗಲೆಯಲ್ಲಿ ಒಂದು ಬೆಳಗ್ಗೆ, ಹೆಂಡತಿ ನೀಲವ್ವ ಚಹಾ ತರುವಷ್ಟರಲ್ಲಿ, ಅವರು ತೀರಿಕೊಂಡಿದ್ದರು.

ನಾಡಿ ನಿಂತ ಸುದ್ದಿ ಮೊದಲು ಮುಟ್ಟಿದ್ದು ಕಲ್ಕೂರರ ಯಂತ್ರಕ್ಕೆ, ಅವರಿಂದ ಇನಾಮತಿಗೆ. ಇಬ್ಬರೂ ಒಂದೇ ಕಾರಿನಲ್ಲಿ ಬಂದರು. ಇನಾಮತಿ ಅತ್ತ, ನಿಜವಾಗಿಯೇ ಅತ್ತ. ಕಣ್ಣೊರೆಸಿಕೊಂಡು ವಿಷಯಕ್ಕೆ ಬಂದ. ರೈಲಿನ ಹಣಕ್ಕೆ ಇದೇ ಅಧಿವೇಶನದಲ್ಲಿ ಮತ ಬೀಳಲಿದೆ. ಅಷ್ಟರಲ್ಲಿ ಸರ್ಕಾರ ಬಿದ್ದರೆ ರೈಲೂ ಬಿದ್ದಂತೆ. ಸುದ್ದಿಯನ್ನು ಅಲ್ಲಿಯ ತನಕ ತಡೆದರೆ ಸಾಕು ಎಂದು ವಿವರಿಸಿದ. "ವೈನಿ, ಅಣ್ಣಾವ್ರು ಜೀವಾ ತೇದಿದ್ದು ಅದಕ್ಕ. ಕಡೀ ಮತಾನೂ ಅವ್ರದ ಆಗ್ಲಿ" ಎಂದ.

ಆ ಮಾತಿಗೆ ನೀಲವ್ವ ಸೋತಳು. ಹಿಂದಿನ ಕೋಣೆಗೆ ಶೀತಪೆಟ್ಟಿಗೆ ಬಂತು. ಗುರುಪಾದಪ್ಪನವರನ್ನು ಅದರಲ್ಲಿ ಮಲಗಿಸಿದರು. ಕಲ್ಕೂರರು ನಾಡಿಪಟ್ಟಿಯನ್ನು ತಿದ್ದಿ ಅವಳ ಕೈಗೆ ಕಟ್ಟಿದರು.

"ಅಲ್ಲಿ ಕುಂತಾರಲ್ಲ, ಅವ್ರಿಗೆ ಗೊತ್ತೈತೇನ್ರಿ?" ಎಂದು ಅವಳು ಕೇಳಿದಳು.

"ಇಲ್ಲಮ್ಮ. ಹೊರಗಿನ ಸುದ್ದಿ ಅದಕ್ಕೆ ಮುಟ್ಟೋದಿಲ್ಲ. ಸದನದಲ್ಲಿ ಕೇಳಿದ್ದು, ಮತ್ತೆ ಈ ಮನೆಯವರು ಹೇಳಿದ್ದು. ಅದಕ್ಕೆ ಗೊತ್ತಾಗೋದು ಎರಡೇ."

"ಅಂದ್ರ ನಾ ಹೇಳಿದ್ರನ ಅವ್ರು ಸಾಯೂದು."

ಕಲ್ಕೂರರು ಪಟ್ಟಿಯ ಕೊಂಡಿಯನ್ನು ಇನ್ನೊಮ್ಮೆ ಬಿಗಿದು ಎದ್ದರು.

ಪ್ರತಿಸದಸ್ಯ ದಿನವೂ ಸಂಜೆ ಮನೆಗೆ ಕರೆ ಮಾಡಿ ಕಲಾಪದ ವರದಿ ಒಪ್ಪಿಸಬೇಕೆಂಬ ನಿಯಮವಿತ್ತು. ಅಂದು ಸಂಜೆಯೂ ಗೋಡೆಯ ಪರದೆ ಬೆಳಗಿತು. ಗುರುಪಾದಪ್ಪ ಅದರಲ್ಲಿ ಕೂತಿದ್ದರು. ಹೆಗಲ ಮೇಲೆ ಟವೆಲು, ಹಣೆಯಲ್ಲಿ ವಿಭೂತಿ. ಊಟ ಆಯಿತೇ ಎಂದು ಮೊದಲು ಅವಳನ್ನು ವಿಚಾರಿಸಿಕೊಂಡರು. ಆಮೇಲೆ ಬಾಗಿಲಾಚೆ ಇಣುಕುವವರಂತೆ ಕತ್ತು ಚಾಚಿ ಕೇಳಿದರು:

"ನೀಲಾ, ನಾ ಇನ್ನೂ ಮಲಗೀನೇನ?"

"ಹೌದ್ರಿ. ಮಲಗೀರಿ."

"ಮಲಗ್ಲಿ ಬಿಡು. ಎಬ್ಬಸಬ್ಯಾಡ."

ದಿನಗಳು ಹೀಗೇ ಸಾಗಿದವು. ಬೇಡವೆನಿಸಿದರೂ ಸಂಜೆಯಾದರೆ ಪರದೆಯ ಮುಂದೆ ಹೋಗಿ ಕೂರದೆ ಇರಲು ಅವಳಿಗೆ ಆಗುತ್ತಿರಲಿಲ್ಲ. ಅದು ಅವರಂತೆಯೇ ನಗುತ್ತಿತ್ತು. ಅವರಂತೆಯೇ ಎದುರು ಪಕ್ಷದ ಪರಮಾನಂದ ಬೆಹೆರಾರನ್ನು ಬೈಯುತ್ತಿತ್ತು. ಬೆಹೆರಾ ಒಡಿಶಾದ ಮುದಿ ಬ್ರಹ್ಮಚಾರಿ. ಗುರುಪಾದಪ್ಪ ರೈಲೆಂದು ಬಾಯಿ ತೆರೆದ ಕೂಡಲೇ ಎದ್ದು, ಆ ರೈಲು ಬಂದ ದಿನ ನಾನೇ ಗಾರ್ಡಾಗಿ ಹಸಿರು ಬಾವುಟ ಬೀಸುತ್ತೇನೆ ಎಂದು ಸದನವನ್ನು ನಗಿಸುವುದು ಅವರ ಹಳೆಯ ಚಾಳಿ. ಅವರ ಲೋಟವೂ ಈಚೆಗೆ ತುಂಬಿಯೇ ಇರುತ್ತದೆ, ಪಾಪ, ಮುದುಕನಿಗೂ ಹುಷಾರಿಲ್ಲವೇನೋ ಎಂದು ಗುರುಪಾದಪ್ಪನವರ ಪ್ರತಿ ಒಂದು ಸಂಜೆ ಹೇಳಿತು. ರೈಲಿನ ವಿಷಯ ಎಲ್ಲಿಗೆ ಬಂತೆಂದು ನೀಲವ್ವ ಕೇಳಿದರೆ ಇವತ್ತಿನ ಕಲಾಪದಲ್ಲಿ ಇರಲಿಲ್ಲ ಎನ್ನುತ್ತಿತ್ತು. ಇನಾಮತಿಯೋ, ನಾಳೆ ವೈನಿ, ನಾಳೆ ಖಂಡಿತ ಎನ್ನುತ್ತಿದ್ದ.

ಒಂದು ಸಂಜೆ ಪ್ರತಿ ಗಂಭೀರವಾಗಿತ್ತು. ಹಳೆಯ ಸದಸ್ಯರೊಬ್ಬರು ತೀರಿಕೊಂಡಿದ್ದರಿಂದ ಸದನ ಎದ್ದು ನಿಂತು ಮೌನ ಆಚರಿಸಿತೆಂದು ತಿಳಿಸಿತು. ಆ ಎರಡು ನಿಮಿಷ ಮಾತ್ರ ಅಲ್ಲಿ ಪಕ್ಷವೆನ್ನುವುದಿರುವುದಿಲ್ಲ ಎಂದು ಸ್ವಲ್ಪ ಹೊತ್ತು ಭಾಷಣ ಮಾಡಿತು. ರೈಲಿನ ಮತವನ್ನು ಮಧ್ಯಾವಧಿ ಚುನಾವಣೆ ಮುಗಿದ ಮೇಲೆ ನೋಡೋಣವೆಂದು ಇನಾಮತಿಯೇ ಎದ್ದು ಮುಂದಕ್ಕೆ ಹಾಕಿಸಿದ ಎಂದೂ ಸೇರಿಸಿತು. ಮನೆಗೆ ಸುಳ್ಳು ವರದಿ ಕೊಡುವುದು ಅದಕ್ಕೆ ಬರುತ್ತಿರಲಿಲ್ಲ.

ನೀಲವ್ವ ಪಟ್ಟಿ ಕಟ್ಟಿದ್ದ ಕೈಯನ್ನು ಸೆರಗಿನೊಳಗೆ ಹಿಡಿದುಕೊಂಡಳು.

ಪ್ರತಿ ಮಾತು ಮುಂದುವರಿಸಿತು. "ಸತ್ತಾವ್ರ ಸುದ್ದಿ ಓದ್ವಾಗ ನನಗ ಅಪ್ಪನ ನೆನಪಾತು ನೋಡು. ಪಡಸಾಲ್ಯಾಗ ಕೂಡಿಸಿದ್ವಿ, ಕೈಯಾಗ ಲಿಂಗ. ಏನ್ ಕಳೆ ಇತ್ತು ಮುಖದ ಮ್ಯಾಲ. ನಂದೂ ಹಂಗ ಆಗ್ಬೇಕು."

ಅವರ ಮನೆತನದಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ದೇಹ ಸೆಟೆಯುವ ಮೊದಲೇ ಪದ್ಮಾಸನ ಹಾಕಿಸಿ ಕೂಡಿಸುತ್ತಾರೆ. ಕೂತಂತೆಯೇ ಮಣ್ಣು ಕೊಡುತ್ತಾರೆ. ಹಿಂದಿನ ಕೋಣೆಯಲ್ಲಿ ಶೀತಪೆಟ್ಟಿಗೆ ಗುಂಯ್ಗುಡುತ್ತಿತ್ತು.

"ನೀವು ಹೋಗೀರಿ" ಎಂದಳು ನೀಲವ್ವ. "ಎದ್ದಿಲ್ಲ ನೀವು. ಹಾಸಿಗೀ ಮ್ಯಾಲ ಹೋದ್ರಿ. ನಾ ಚಾ ತಗೊಂಡ್ ಬಂದಿದ್ನಿ. ರೈಲು ಆಗ್ತೈತಿ ಅಂದ್ರು, ಅದಕ್ಕ ಸುಮ್ನಿದ್ದೆ."

ಪ್ರತಿಸದಸ್ಯರಿಗೆ ಯೋಚಿಸಲು ಸಮಯ ಬೇಕಾಗುವುದಿಲ್ಲ. ಪ್ರಶ್ನೆ ಮುಗಿಯುವ ಮೊದಲೇ ಅವರಲ್ಲಿ ಉತ್ತರ ಸಿದ್ಧವಿರುತ್ತದೆ. ಆದರೆ ಗುರುಪಾದಪ್ಪನವರ ಪ್ರತಿ ಬಹಳ ಹೊತ್ತು ಸುಮ್ಮನಿತ್ತು. ಪರದೆ ಕೆಟ್ಟಿತೇನೋ ಎಂದು ಅವಳು ಏಳಬೇಕೆನ್ನುವಾಗ ಅದು ಕೇಳಿತು:

"ಕೂಡಿಸಿದ್ರೇನು?"

"ಇಲ್ರಿ. ಮಲಗಿಸ್ಯಾರ. ಅಲ್ಲಿ ನಿಮ್ಮನ್ನ ಕೂಡಿಸ್ಯಾರ, ಇಲ್ಲಿ ಮಲಗಿಸ್ಯಾರ."

ಇನಾಮತಿ ಹೇಳಿದ್ದನ್ನೂ ತನ್ನ ಕೈಗೆ ಕಟ್ಟಿದ ಪಟ್ಟಿಯ ವಿಷಯವನ್ನೂ ಅವಳು ತಿಳಿಸಿದಳು. ಪ್ರತಿ ಟವೆಲನ್ನು ಸರಿಮಾಡಿಕೊಂಡಿತು. ಗುರುಪಾದಪ್ಪ ಭಾಷಣಕ್ಕೆ ಏಳುವ ಮುಂಚೆ ಮಾಡುತ್ತಿದ್ದುದೂ ಅದನ್ನೇ.

ಮರುದಿನ ಶೂನ್ಯವೇಳೆ ಶುರುವಾಗುತ್ತಿದ್ದಂತೆ ಅದು ಎದ್ದು ನಿಂತಿತು. ನಿನ್ನೆಯ ಸಂತಾಪ ಸೂಚನೆಯಲ್ಲಿ ಒಂದು ಹೆಸರು ಬಿಟ್ಟುಹೋಗಿದೆ ಎಂದು ಸಭಾಧ್ಯಕ್ಷರ ಗಮನಕ್ಕೆ ತಂದಿತು. ಯಾರದೆಂದು ಅವರು ಕೇಳಿದರು. ನನ್ನದು ಎಂದಿತು ಪ್ರತಿ. ಇನಾಮತಿ ಎದ್ದು ಯಂತ್ರ ಕೆಟ್ಟಿದೆ, ಆರಿಸಿ ಎಂದು ಕೈ ಬೀಸಿದ. ಆದರೆ ಅದು ಸಂತಾಪಕ್ಕೆಂದೇ ಎದ್ದಿದ್ದರಿಂದ ಬೀಗ ಆಗಲೇ ಬಿದ್ದಿತ್ತು. ಪ್ರತಿ ಅವನ ಕಡೆ ತಿರುಗಲಿಲ್ಲ. ತಾನು ಹೇಗೆ ತೀರಿಕೊಂಡೆ, ಸುದ್ದಿಯನ್ನು ಯಾರು ಯಾಕೆ ತಡೆದರು, ಪಟ್ಟಿಯಲ್ಲಿ ಈಗ ಯಾರ ನಾಡಿ ಮಿಡಿಯುತ್ತಿದೆ ಎಂಬುದನ್ನೆಲ್ಲ, ರೈಲಿನ ಬಗ್ಗೆ ಮಾತಾಡುವಾಗಿನ ಅದೇ ಶಾಂತಿಯಲ್ಲಿ, ಸದನದ ಮುಂದಿಟ್ಟಿತು. ಎರಡು ನಿಮಿಷದ ಮೌನ ಕೋರಿತು.

ಸಂತಾಪ ಎಂದರೆ ಏಳುವುದು ಆ ಸದನದ ಮೈಗೆ ಹತ್ತಿದ ಅಭ್ಯಾಸ. ಯಾರೂ ಹೇಳದೆಯೇ ಎರಡೂ ಕಡೆಯವರು ಎದ್ದರು. ಮೌನ ಮುಗಿಯಿತು. ಸಭಾಧ್ಯಕ್ಷರು ಕುಳಿತುಕೊಳ್ಳಿ ಎಂದರು. ಜನ ಕೂತರು.

ಕೆಲವರು ಕೂರಲಿಲ್ಲ.

ಗುರುಪಾದಪ್ಪ ನಿಂತೇ ಇದ್ದರು. ಅವರ ಹಿಂದಿನ ಸಾಲಿನಲ್ಲಿ ಇನ್ನೊಬ್ಬರು, ಮೂಲೆಯಲ್ಲಿ ಮತ್ತೊಬ್ಬರು. ಎದುರು ಬದಿಯಲ್ಲಿ ಬೆಹೆರಾ. ಅವರ ಪಕ್ಕದಲ್ಲಿ, ಮೇಲಿನ ಸಾಲಿನಲ್ಲಿ ಇನ್ನೂ ಕೆಲವರು. ಎಲ್ಲರ ಮುಂದೆಯೂ ತುಂಬಿದ ಲೋಟ. ನಾನಿನ್ನೂ ಮಲಗಿದ್ದೇನೆಯೇ ಎಂದು ತಾವೂ ಎಷ್ಟೋ ಸಂಜೆಗಳಿಂದ ಮನೆಗೆ ಕೇಳುತ್ತಿದ್ದೆವು, ಮಲಗಿದ್ದೀರಿ ಎಂದೇ ಉತ್ತರ ಬರುತ್ತಿತ್ತು, ಯಾಕೆಂದು ಈಗ ಅರ್ಥವಾಯಿತು ಎಂಬಂತೆ ಅವರು ನೇರ ಮುಂದೆ ನೋಡುತ್ತಿದ್ದರು.

ವರದಿಗಾರರು ಎಣಿಸಿದರು. ಆಡಳಿತದ ಕಡೆ ಎಷ್ಟು ಮಂದಿ ನಿಂತಿದ್ದರೋ ವಿರೋಧದ ಕಡೆಯೂ ಸರಿಯಾಗಿ ಅಷ್ಟೇ ಮಂದಿ. ಬದುಕಿದ್ದವರನ್ನಷ್ಟೇ ಲೆಕ್ಕ ಹಿಡಿದರೂ ಸರ್ಕಾರಕ್ಕೆ ಅದೇ ಒಂದು ಸ್ಥಾನದ ಬಹುಮತ. ಯಾರನ್ನೂ ಪೆಟ್ಟಿಗೆಯಲ್ಲಿಡುವ ಅಗತ್ಯವೇ ಇರಲಿಲ್ಲ.

ಆರಿಸಿ ಎಂದು ಕಲ್ಕೂರರಿಗೆ ಎಲ್ಲ ಕಡೆಯಿಂದಲೂ ಕರೆ ಬಂತು. ಅವರು ತಾವೇ ಹಾಕಿದ ಬೀಗದ ಮುಂದೆ ಕೈಚೆಲ್ಲಿ ಕೂತಿದ್ದರು. ಅಸಲು ಸದಸ್ಯರಂತೆಯೇ ನಡೆಯುವ ಹಾಗೆ ಅವರು ಬೊಂಬೆಗಳನ್ನು ಮಾಡಿದ್ದರು. ಮನೆಯಲ್ಲಿ ಹೆಣವಿರುವಾಗ ಕುರ್ಚಿ ಎಳೆದುಕೊಂಡು ಆರಾಮಾಗಿ ಕೂರುವವರು ಈ ದೇಶದಲ್ಲಿ ಯಾರಿದ್ದಾರೆ? ಅದು ಅವರ ಲೆಕ್ಕಕ್ಕೇ ಬಂದಿರಲಿಲ್ಲ.

ನೀಲವ್ವ ಗಂಡನನ್ನು ಊರಿಗೆ ಒಯ್ದಳು. ದೇಹದ ಮಂಜು ಕರಗುವ ತನಕ ಜಂಗಮ ಅಯ್ಯನವರು ಪಡಸಾಲೆಯಲ್ಲಿ ವಚನ ಹೇಳುತ್ತಾ ಕಾದರು. ಮೊಣಕಾಲು ಬಗ್ಗಿದವು. ಗುರುಪಾದಪ್ಪ ಗೋಡೆಗೊರಗಿ ಕೂತರು, ಕೈಯಲ್ಲಿ ಲಿಂಗ, ಕೊರಳಲ್ಲಿ ಹೂವಿನ ಹಾರ. ಅವಳು ಫೋನಿನಲ್ಲಿ ಪ್ರತಿಯನ್ನು ಕರೆದು ಅವರನ್ನು ತೋರಿಸಿದಳು.

"ಕುಂತ್ರಿ ನೋಡ್ರಿ. ಇನ್ನ ನೀವೂ ಕೂಡ್ರಿ."

ದೆಹಲಿಯಲ್ಲಿ ಗುರುಪಾದಪ್ಪನವರ ಪ್ರತಿ ಮೆಲ್ಲಗೆ ಕೂತಿತು. ಅವಳು ಪಟ್ಟಿ ಬಿಚ್ಚಿದಳು. ಕುರ್ಚಿ ಖಾಲಿಯಾಯಿತು.

ಬೇರೆ ಮನೆಗಳಲ್ಲೂ ಪೆಟ್ಟಿಗೆಗಳು ತೆರೆದವು. ಎಲ್ಲೋ ಬೆಂಕಿ, ಎಲ್ಲೋ ಮಣ್ಣು. ಸದನದಲ್ಲಿ ಒಬ್ಬೊಬ್ಬರೇ ಕೂತು ಆರಿದರು. ಮಧ್ಯಾವಧಿ ಚುನಾವಣೆ ಮುಗಿಯಿತು. ಹೊಸ ಸದಸ್ಯರು ಬಂದರು. ಆಗಲೂ ಒಬ್ಬರು ಮಾತ್ರ ನಿಂತಿದ್ದರು: ಬೆಹೆರಾ. ಅವರ ಸ್ಥಾನದಿಂದ ಗೆದ್ದ ಹುಡುಗಿ ಆ ಕುರ್ಚಿಯಲ್ಲಿ ಕೂರಲು ಹೆದರಿ, ಪ್ರಮಾಣವಚನ ತೆಗೆದುಕೊಂಡ ದಿನದಿಂದಲೂ ಕುರ್ಚಿಸಾಲುಗಳ ನಡುವಿನ ಓಣಿಯಲ್ಲೇ ನಿಲ್ಲುತ್ತಿದ್ದಳು.

ಕಲ್ಕೂರರು ನೀಲವ್ವನನ್ನು ಹುಡುಕಿಕೊಂಡು ಬಾಗಲಕೋಟೆಗೆ ಬಂದರು. ಬೆಹೆರಾರಿಗೆ ಹಿಂದೆ ಮುಂದೆ ಯಾರೂ ಇಲ್ಲ ಎಂದು ವಿವರಿಸಿದರು. ಪಟ್ಟಿ ಕಟ್ಟಿಕೊಂಡಿದ್ದ ಪಕ್ಷದ ಕಾರ್ಯಕರ್ತ ಅಂದೇ ಅದನ್ನು ಬಿಚ್ಚೆಸೆದು ಓಡಿಹೋಗಿದ್ದ. ದೇಹವನ್ನು ನಗರಪಾಲಿಕೆಯವರು ಸುಟ್ಟಿದ್ದರು.

"ಆದ್ರೆ ಅದನ್ನ ಅವರಿಗೆ ಹೇಳೋಕೆ ಮನೇಲಿ ಯಾರೂ ಇಲ್ಲಮ್ಮ. ದಿನಾ ಸಂಜೆ ಖಾಲಿ ಬಂಗಲೆಗೆ ಕರೆ ಹೋಗುತ್ತೆ. ನಾನು ಹೇಳಿದ್ರೆ ಅದು ಕೇಳೋದಿಲ್ಲ, ಆ ಮನೆಯಿಂದಲೇ ಮಾತು ಬರಬೇಕು. ಯಾರನ್ನ ಕೇಳಬೇಕು ಅಂತ ನನಗೆ ಗೊತ್ತಾಗಲಿಲ್ಲ."

"ಜಗಳಾಡಾವ್ರೂ ಮನ್ಯಾವ್ರಽ ಅಲ್ಲೇನ್ರಿ" ಎಂದು ನೀಲವ್ವ ಚೀಲ ಕಟ್ಟಿದಳು.

ಅವಳು ಮೊದಲು ಪಾಲಿಕೆಯವರಿಂದ ಬೂದಿಯ ಗಡಿಗೆ ಬಿಡಿಸಿಕೊಂಡು ಯಮುನೆಗೆ ಬಿಟ್ಟಳು. ಆಮೇಲೆ ಧೂಳು ಹಿಡಿದ ಬಂಗಲೆಗೆ ಹೋಗಿ ಪರದೆಯ ಮುಂದೆ ಕೂತಳು. ಸಂಜೆ ಅದು ಬೆಳಗಿತು. ಬೆಹೆರಾ ತಮ್ಮ ಭಾಷೆಯಲ್ಲಿ ಕೇಳಿದ್ದನ್ನು ಯಂತ್ರ ಕನ್ನಡದಲ್ಲಿ ಅವಳ ಕಿವಿಗೆ ಹಾಕಿತು: ನಾನು ಇನ್ನೂ ಮಲಗಿದ್ದೇನೆಯೇ?

"ಇಲ್ರಿ ಅಣ್ಣಾವ್ರ. ಎಲ್ಲಾ ಮುಗದೈತಿ. ನಿಮ್ಮ ಪದ್ಧತಿ ಪ್ರಕಾರನ ಮುಗದೈತಿ. ನಾ ಹೊಳೀಗೆ ಹೋಗಿ ಬಂದೆ."

ಯಾರು ತಾಯಿ ನೀವು ಎಂದು ಅವರು ಕೇಳಿದರು. ಕೊಣ್ಣೂರರ ಮನೆಯವಳು ಎಂದಳು. ಮುದುಕರ ಮುಖದಲ್ಲಿ ಹಳೆಯ ತುಂಟತನ ಇಣುಕಿತು.

ರೈಲು ಬಂತೇ?

"ಬರೂದೈತ್ರಿ. ಬಾವುಟ ತಯಾರ ಇಟ್ಕೋರಿ."

ಅದೇ ಹೊತ್ತಿಗೆ ಸದನದಲ್ಲಿ ಕಲಾಪ ಇನ್ನೂ ನಡೆದಿತ್ತು. ನಿಂತೇ ಇದ್ದ ಬೆಹೆರಾರ ಬಲಗೈ ಮೇಲೆದ್ದಿತು. ಇಲ್ಲದ ಬಾವುಟವನ್ನು ಎರಡು ಸಲ ಬೀಸಿ ಕೆಳಗಿಳಿಯಿತು. ಅವರು ಕೂತರು, ಆರಿದರು. ಈಗ ಯಾಕೆ ಬೀಸಿದರೆಂಬುದು ಅಲ್ಲಿ ಯಾರಿಗೂ ಅರ್ಥವಾಗಲಿಲ್ಲ.

ಹೊಸ ಸದಸ್ಯೆ ಬಂದು ಕುರ್ಚಿಯ ಅಂಚಿನಲ್ಲಿ ಕೂತಳು. ಸೇವಕ ಹಳೆಯ ಲೋಟ ಎತ್ತಿಕೊಂಡು ಹೊಸ ನೀರಿಟ್ಟ. ಅವಳು ಕತ್ತೆತ್ತಿದಾಗ ಎರಡೂ ಪಕ್ಷದವರು, ಮೇಲಿನ ವರದಿಗಾರರು, ಸಭಾಧ್ಯಕ್ಷರು, ಎಲ್ಲರೂ ಮಾತು ನಿಲ್ಲಿಸಿ ಅವಳ ಲೋಟವನ್ನೇ ನೋಡುತ್ತಿದ್ದರು.

ಅವಳು ಅದನ್ನೆತ್ತಿ ಒಂದೇ ಉಸಿರಿಗೆ ಖಾಲಿ ಮಾಡಿ ಮಗುಚಿಟ್ಟಳು.